ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟು

"ಓವನ್ ಓಡ್ತಾ ಇದೆ, ಆದ್ರೆ ಬಿಸಿ ಆಗ್ತಿಲ್ಲ." ಬೇಕರಿ, ಕೆಫೆ, ಹೋಟೆಲುಗಳಿಂದ ಮೈಕ್ರೋವೇವ್ ಓವನ್ ರಿಪೇರಿಯವರಿಗೆ ಬರುವ ಮಾಮೂಲಿ ದೂರು ಇದು. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಸಮಯ ಮುಗಿದಾಗ ಬೀಪ್ ಸದ್ದೂ ಬರುತ್ತದೆ. ಒಳಗಿಟ್ಟ ಪಫ್ ಮಾತ್ರ ತಣ್ಣಗೇ ಇರುತ್ತದೆ. ಗಿರಾಕಿಗಳು ಕಾಯುತ್ತಿರುತ್ತಾರೆ. ಕೆಲಸದ ಹುಡುಗ ಪ್ಲಗ್ ಕಿತ್ತು, ಸ್ಕ್ರೂಡ್ರೈವರ್ ಹಿಡಿದು ಓವನ್ನಿನ ಹಿಂಬದಿಗೆ ಹೋಗುತ್ತಾನೆ. ಅವನನ್ನು ತಡೆಯಬೇಕಾದ ಗಳಿಗೆ ಅದೇ.

ಮೈಕ್ರೋವೇವ್ ಎಂದೊಡನೆ ಜನ ಹೆದರುವುದು ವಿಕಿರಣಕ್ಕೆ. ಈ ಅಲೆಗಳ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಲೋಹದ ಜಾಲರಿಯ ತೂತುಗಳು ಒಂದೆರಡು ಮಿಲಿಮೀಟರ್. ಅಲೆಗಳು ಅಲ್ಲಿ ತೂರಲಾರವು. ಬಾಗಿಲು ಸೊಟ್ಟಗಾಗದೆ, ಸರಿಯಾಗಿ ಕೂತಿದ್ದರೆ ಸಾಕು. ಸ್ವಿಚ್ ಆರಿಸಿದ ಕ್ಷಣವೇ ಅಲೆಗಳೂ ಬಲ್ಬಿನ ಬೆಳಕಿನಂತೆ ಮಾಯವಾಗುತ್ತವೆ. ಕರೆಂಟಿನ ಕಥೆ ಬೇರೆ.

ಅಲೆಗಳನ್ನು ಹುಟ್ಟಿಸುವುದು ಮ್ಯಾಗ್ನೆಟ್ರಾನ್. ಎರಡನೇ ಮಹಾಯುದ್ಧದ ರೇಡಾರುಗಳ ಹೃದಯವಾಗಿದ್ದ ಇದನ್ನು ಅಡುಗೆಮನೆಗೆ ತಂದವರು ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್. 1947ರಲ್ಲಿ ಬಂದ ಮೊದಲ ಓವನ್ 'ರೇಡಾರೇಂಜ್' ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ. ಅದು ಮನೆಗಾಗಿ ಹುಟ್ಟಿದ್ದಲ್ಲ, ದೊಡ್ಡ ಅಡುಗೆಮನೆಗಳಿಗಾಗಿ. ಗಾತ್ರ ಇಳಿದರೂ ಮ್ಯಾಗ್ನೆಟ್ರಾನಿನ ಹಸಿವು ಇಳಿದಿಲ್ಲ. ಗೋಡೆಯಿಂದ ಬರುವ 230 ವೋಲ್ಟ್ ಅದಕ್ಕೆ ಸಾಲದು. ಟ್ರಾನ್ಸ್‌ಫಾರ್ಮರ್ ಅದನ್ನು ಸುಮಾರು 2,000ಕ್ಕೆ ಏರಿಸುತ್ತದೆ. ಒಂದು ಕೆಪ್ಯಾಸಿಟರ್ ಮತ್ತು ಡಯೋಡ್ ಸೇರಿ 4,000ದ ಆಸುಪಾಸಿಗೆ ಒಯ್ಯುತ್ತವೆ.

ಆ ಕೆಪ್ಯಾಸಿಟರೇ ಹೊಂಚು ಹಾಕಿ ಕೂತಿರುವ ಅಪಾಯ. ಅಂಗೈಯಲ್ಲಿ ಹಿಡಿಸುವ ಲೋಹದ ಡಬ್ಬಿ, ತಲೆಯ ಮೇಲೆ ಎರಡು ಟರ್ಮಿನಲ್. ಪ್ಲಗ್ ಕಿತ್ತರೂ ಅದರಲ್ಲಿ ವಿದ್ಯುತ್ತು ತುಂಬಿರುತ್ತದೆ. ಅದನ್ನು ಬರಿದಾಗಿಸಲು ಒಳಗೇ 10 ಮೆಗಾಓಮ್‌ನಷ್ಟು ರೆಸಿಸ್ಟರ್ ಇರುವುದುಂಟು. ಅದು ನೆಟ್ಟಗಿದ್ದರೆ ಒಂದು ನಿಮಿಷದೊಳಗೆ ಕೆಪ್ಯಾಸಿಟರ್ ಬಹುಮಟ್ಟಿಗೆ ಖಾಲಿ. ಆದರೆ ರೆಸಿಸ್ಟರ್ ಕೆಟ್ಟಿದ್ದರೆ ಹೊರಗಿನಿಂದ ಯಾವ ಗುರುತೂ ಕಾಣುವುದಿಲ್ಲ. ಹಾಗಾಗಿ ಪಳಗಿದ ಮೆಕ್ಯಾನಿಕ್ ಕಾಯುವುದನ್ನಷ್ಟೇ ನಂಬುವುದಿಲ್ಲ. ರೆಸಿಸ್ಟರ್ ಕೂಡಿಸಿದ, ಹಿಡಿ ಭದ್ರವಾಗಿರುವ ವೈರಿನಿಂದ ಮೊದಲು ಎರಡೂ ಟರ್ಮಿನಲ್‌ಗಳನ್ನು ಜೋಡಿಸುತ್ತಾನೆ, ಬಳಿಕ ಒಂದೊಂದನ್ನೂ ಓವನ್ನಿನ ಲೋಹದ ಮೈಗೆ ತಾಗಿಸುತ್ತಾನೆ. ಮುಂದಿನ ಕೆಲಸ ಏನಿದ್ದರೂ ಆಮೇಲೆ. ಚಾಲೂ ಇರುವಾಗ 4,000 ವೋಲ್ಟ್ ಅಳೆಯಲು ಅವನು ಎಂದೂ ಹೋಗುವುದಿಲ್ಲ. ಮಾಮೂಲಿ ಮಲ್ಟಿಮೀಟರ್ ಅದನ್ನು ತಡೆದುಕೊಳ್ಳದು.

ಹಾಗೆಂದು ಅಂಗಡಿಯವರು ಕೈಕಟ್ಟಿ ಕೂರಬೇಕಿಲ್ಲ. ಕವಚ ಬಿಚ್ಚದೆಯೇ ತಿಳಿಯುವ ದೋಷಗಳು ಬೇಕಾದಷ್ಟಿವೆ. ಬೆಳಿಗ್ಗೆ ಚೆನ್ನಾಗಿದ್ದು, ಮಧ್ಯಾಹ್ನದ ಗದ್ದಲದಲ್ಲಿ ನಿಂತು, ಸಂಜೆ ಮತ್ತೆ ಸರಿಹೋಗುವ ಓವನ್‌ಗೆ ಬಹುಪಾಲು ಉಸಿರು ಕಟ್ಟಿರುತ್ತದೆ. ಗಾಳಿ ಎಳೆಯುವ ಫಿಲ್ಟರಿನಲ್ಲಿ ಎಣ್ಣೆಜಿಡ್ಡು ತುಂಬಿ ಮ್ಯಾಗ್ನೆಟ್ರಾನ್ ಕಾಯುತ್ತದೆ, ಶಾಖದ ಮೇಲೆ ಕಣ್ಣಿಟ್ಟಿರುವ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಫಿಲ್ಟರನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಎಷ್ಟೋ ಸಲ ಅಲ್ಲಿಗೆ ಕೆಲಸ ಮುಗಿಯಿತು. ಒಳಗೆ ಕಿಡಿ ಹಾರುತ್ತಿದ್ದರೆ ಅಲೆಗಳು ಬರುವ ಬಾಯಿಗೆ ಮುಚ್ಚಿರುವ ಹಾಳೆಯನ್ನು ನೋಡಬೇಕು. ಹಲವು ಓವನ್‌ಗಳಲ್ಲಿ ಅದು ಮೈಕಾ, ಅಂದರೆ ನಮ್ಮ ಕಾಗೆಬಂಗಾರ. ಅದರ ಮೇಲೆ ಸಿಡಿದ ಜಿಡ್ಡು ಸುಟ್ಟು ಇದ್ದಿಲಾಗಿ ಕಿಡಿಗೆ ದಾರಿ ಮಾಡಿಕೊಡುತ್ತದೆ.

ಇನ್ನೊಂದು ಪರೀಕ್ಷೆಗೆ ಬೇಕಾಗುವುದು ಒಂದು ಲೀಟರ್ ತಣ್ಣೀರು ಮತ್ತು ಒಂದು ಥರ್ಮಾಮೀಟರ್. ನೀರಿನ ಉಷ್ಣತೆ ಬರೆದುಕೊಂಡು, ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ ಕಾಯಿಸಿ, ಕಲಕಿ ಮತ್ತೆ ಅಳೆಯಬೇಕು. ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ಹೆಚ್ಚುಕಡಿಮೆ ಓವನ್ನಿನ ವಾಟ್ ಸಿಗುತ್ತದೆ. 1,800 ವಾಟ್‌ನ ಓವನ್ ನೀರನ್ನು ಸುಮಾರು 26 ಡಿಗ್ರಿ ಏರಿಸಬೇಕು. ಏರಿಕೆ 13ಕ್ಕೇ ನಿಂತರೆ? ಹೋಟೆಲಿನ ದೊಡ್ಡ ಓವನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮ್ಯಾಗ್ನೆಟ್ರಾನ್ ಇರುತ್ತವೆ. ಅವುಗಳಲ್ಲೊಂದರ ಕಡೆ ಕೈಕೊಟ್ಟಿರಬಹುದು. ಅಡುಗೆಯವರು ಗೊತ್ತಿಲ್ಲದೆಯೇ ಸಮಯ ಹೆಚ್ಚಿಸುತ್ತಾ ತಿಂಗಳುಗಟ್ಟಲೆ ದೂಡಿರುತ್ತಾರೆ.

ಸಾಕೆಟ್ಟನ್ನೂ ನೋಡಬೇಕು. 1,800 ವಾಟ್ ಹೊರಗೆಡಹಲು ಓವನ್ ಸುಮಾರು 3,000 ವಾಟ್ ಎಳೆಯುತ್ತದೆ. 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸು ಅದಕ್ಕೆ ತಕ್ಕದ್ದಲ್ಲ. ಟ್ರಾನ್ಸ್‌ಫಾರ್ಮರಿನ ಹೈವೋಲ್ಟೇಜ್ ಸುರುಳಿಯ ಒಂದು ತುದಿಯನ್ನು ಓವನ್ನಿನ ಮೈಗೇ ಬಿಗಿದಿರುವುದರಿಂದ ಅರ್ತ್ ಇಲ್ಲದ ಪ್ಲಗ್ಗಿಗೆ ಓವನ್ ಜೋಡಿಸುವುದು ಜೀವದ ಜೊತೆ ಆಟ.

ಫ್ಯೂಸಿನ ವಿಷಯವನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕು. ಬಾಗಿಲಿನ ಹಿಂದೆ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್‌ಗಳಿವೆ. ಬಾಗಿಲು ತೆರೆದಾಗ ಎರಡು ಕರೆಂಟ್ ಕಡಿಯುತ್ತವೆ. ಮೂರನೆಯದು ಕಾವಲುಗಾರ: ಕಡಿಯಬೇಕಾದ ಸ್ವಿಚ್ ಅಂಟಿಕೊಂಡಿದ್ದರೆ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಬಾಗಿಲು ತೆರೆದಿರುವಾಗ ಅಲೆಗಳು ಹೊರಬೀಳದಂತೆ ಮಾಡುವ ಕೊನೆಯ ತಡೆ ಅದು. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದರೆ ಆ ತಡೆಯೇ ಹೋಯಿತು. ರಿಪೇರಿಯಾದ ಮೇಲೆ ಬಾಗಿಲಿನ ಸುತ್ತ ಸೋರಿಕೆ ಅಳೆಯಿಸುವುದೂ ಅಗತ್ಯ: 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಅಮೆರಿಕದ ಕಾನೂನು ಹಾಕಿರುವ ಮಿತಿ.

ಆದ್ದರಿಂದ ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಫ್ಯೂಸ್ ಹೋಗಿದೆ" ಎಂದಷ್ಟೇ ಹೇಳಬೇಡಿ. ಬಾಗಿಲು ತೆರೆದಾಗ ಹೋಯಿತೋ, ಓವನ್ ಓಡುತ್ತಿದ್ದಾಗ ಹೋಯಿತೋ ಎಂಬುದನ್ನೂ ಹೇಳಿ.