ಎರಡಂಗುಲದ ರಿಸಾಲಾ

ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳೆಲ್ಲ ನಿಜಾಮನ ರಾಜ್ಯದಲ್ಲಿದ್ದ ಕಾಲ. ಆಗ ಲಂಡನ್ನಿನ ಯಾವುದೋ ಆಟಿಕೆ ಅಂಗಡಿಗೆ ನುಗ್ಗಿದ ಹುಡುಗನೊಬ್ಬ ಚಿಲ್ಲರೆ ಕಾಸು ಕೊಟ್ಟು ಹೈದರಾಬಾದಿನ ಕುದುರೆ ಪಡೆಯೊಂದನ್ನೇ ಕೊಂಡು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಓಡಬಹುದಿತ್ತು! ಕೆಂಪು ರಟ್ಟಿನ ಪೆಟ್ಟಿಗೆ, ಒಳಗೆ ಐವರು ಸವಾರರು, ತಲೆಗೆ ಮುಂಡಾಸು, ಮುಖಕ್ಕೊಂದು ಮೀಸೆ, ಕೈಯಲ್ಲಿ ಭರ್ಚಿ. ಹೆಸರು ಹೈದರಾಬಾದ್ ಕಂಟಿಂಜೆಂಟ್. ತಯಾರಿಸಿದ್ದು ವಿಲಿಯಂ ಬ್ರಿಟನ್ ಕಂಪನಿ. ಇಂಗ್ಲೆಂಡಿನ ಕಾವಲು ಪಡೆ, ಸ್ಕಾಟ್ಲೆಂಡಿನ ಹೈಲ್ಯಾಂಡರ್, ಆಫ್ರಿಕಾದ ಜುಲು ಯೋಧರ ಸಾಲಿನಲ್ಲಿ ನಮ್ಮ ದಖ್ಖನದ ಸವಾರನೂ ನಿಂತಿದ್ದ ಎಂಬುದನ್ನು ಅರಿತಾಗ ಒಂದು ಗಳಿಗೆ ಉಸಿರೇ ನಿಲ್ಲುತ್ತದೆ. ಅದರ ಬೆನ್ನಿಗೇ ಪ್ರಶ್ನೆ ಏಳುತ್ತದೆ: ಇವನು ನಿಜಕ್ಕೂ ನಮ್ಮವನೇನು?

ಮೊದಲು ಇವನು ಹುಟ್ಟಿದ ಬಗೆ ನೋಡಿ, ಅದೇ ಒಂದು ಅದ್ಭುತ. 1893ಕ್ಕೆ ಮುಂಚೆ ಸೀಸದ ಸಿಪಾಯಿ ಎಂದರೆ ಬಹುಪಾಲು ಜರ್ಮನಿಯ ಸರಕು. ನ್ಯೂರೆಂಬರ್ಗಿನಲ್ಲಿ ಹಾಳೆಯಷ್ಟು ತೆಳ್ಳಗಿನ ತವರದ ಸಿಪಾಯಿ. ಬೇರೆ ಕಡೆ ತುಂಬು ಸೀಸದ ಭಾರಿ ಸಿಪಾಯಿ. ಸೀಸ ಹೆಚ್ಚಾದಷ್ಟೂ ತೂಕ ಹೆಚ್ಚು, ಬೆಲೆಯೂ ಹೆಚ್ಚು. ಆ ವರ್ಷ ಬ್ರಿಟನ್ ಕುಟುಂಬದ ಮಗ, ಕಿರಿಯ ವಿಲಿಯಂ, ಟೊಳ್ಳು ಎರಕದ ಯುಕ್ತಿ ಕಂಡುಕೊಂಡ. ಎರಡು ಹೋಳಿನ ಲೋಹದ ಅಚ್ಚಿಗೆ ಕರಗಿದ ಸೀಸ ಸುರಿಯಬೇಕು, ಕೈಯಲ್ಲೇ ಅಚ್ಚನ್ನು ಅತ್ತಿತ್ತ ಹೊರಳಿಸಬೇಕು. ಕಾದ ಹಾಲು ಕೆನೆಗಟ್ಟುವ ಹಾಗೆ ಅಚ್ಚಿನ ಗೋಡೆಗೆ ತಾಗಿದ ಸೀಸ ತೆಳ್ಳಗೆ ಗಟ್ಟಿಯಾಗುತ್ತದೆ. ಆ ಕ್ಷಣ ಹಿಡಿದು ಒಳಗಿನ ದ್ರವವನ್ನು ಹೊರಗೆ ಚೆಲ್ಲಿಬಿಟ್ಟರೆ ಮುಗಿಯಿತು! ಹೊರಗೆ ಗುಂಡಿ, ಪಟ್ಟಿ, ಮೂಗು, ಬೆರಳು ಎಲ್ಲ ಇರುವ ಸಿಪಾಯಿ. ಒಳಗೆ ಬರೀ ಗಾಳಿ. ಸೀಸ ಉಳಿಯಿತು, ಸಾಗಣೆ ಹಗುರಾಯಿತು, ಬೆಲೆ ಇಳಿಯಿತು. ಕಾಲಾಳಿನ ಎತ್ತರ 54 ಮಿಲಿಮೀಟರ್. ಆ ಕಂಪನಿ ಹಿಡಿದ ಅಳತೆಯೇ ಮುಂದೆ ಜಗತ್ತಿನ ಸಂಗ್ರಹಕಾರರ ಅಳತೆಗೋಲಾಯಿತು. ಸೀಸದ ವಿಷದ ಭಯ ಮತ್ತು ಪ್ಲಾಸ್ಟಿಕ್ಕಿನ ಅಗ್ಗದ ನಡುವೆ 1966ರಲ್ಲಿ ಎರಕ ನಿಂತಿತು. ಅದಕ್ಕೂ ಮೊದಲು ಎಚ್.ಜಿ. ವೆಲ್ಸ್ ಇಂಥ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ಯುದ್ಧವಾಡುವ ನಿಯಮಗಳನ್ನು ಬರೆದು 1913ರಲ್ಲಿ ಪುಸ್ತಕ ಮಾಡಿದ್ದ. ಚರ್ಚಿಲ್‌ನ ಬಾಲ್ಯದ ಕೋಣೆಯಲ್ಲಿ ಸುಮಾರು ಒಂದೂವರೆ ಸಾವಿರ ಸಿಪಾಯಿಗಳಿದ್ದವು. ಅವನ್ನು ನೋಡಿದ ಅಪ್ಪ ಮಗನನ್ನು ಸೇನೆಗೆ ಕಳುಹಿಸಲು ಮನಸ್ಸು ಮಾಡಿದನಂತೆ!

ಈಗ ಆ ಸವಾರನನ್ನು ಕಣ್ಣಿಗೆ ಹತ್ತಿರ ಹಿಡಿಯೋಣ. ಬ್ರಿಟನ್ ಕಂಪನಿಗೆ ಸಮವಸ್ತ್ರದ ವಿಷಯದಲ್ಲಿ ನಿಖರತೆಯ ಹೆಸರಿತ್ತು. ಆದರೆ ಭಾರತದ ಸವಾರರ ಮಟ್ಟಿಗೆ ಅದರ ಜಾಣತನ ಬೇರೆ. ಒಂದೇ ಅಚ್ಚು, ಬಣ್ಣ ಬೇರೆ! ಒಂದು ಬಣ್ಣ ಬಳಿದರೆ ಬಂಗಾಳದವನು, ಇನ್ನೊಂದು ಬಳಿದರೆ ಮದರಾಸಿನವನು, ಮತ್ತೊಂದು ಬಳಿದರೆ ನಮ್ಮ ಹೈದರಾಬಾದಿನವನು. ಅದೇ ಮುಖ, ಅದೇ ಮುಂಡಾಸಿನ ಸುತ್ತು, ಅದೇ ಕುದುರೆ. ಡ್ರೆಸ್ಡೆನ್ನಿನಲ್ಲಿ ಇದಕ್ಕೆ ಪೂರಾ ಎದುರಾದ ಮನೆಯೊಂದಿತ್ತು, ಹೈಡೆ ಕಂಪನಿ. ಸಮವಸ್ತ್ರದ ತಪ್ಪಿಗೆ ಅವರು ತಲೆ ಕೆಡಿಸಿಕೊಂಡವರಲ್ಲ. ಆನೆ, ಅಂಬಾರಿ, ಗಾಯಾಳುಗಳು, ಬೀಳುತ್ತಿರುವ ಕುದುರೆಗಳು, ಒಬ್ಬನ ಭಂಗಿ ಇನ್ನೊಬ್ಬನಿಗಿಲ್ಲ! ನಿಖರತೆ ಬೇಕೆಂದವರು ಲಂಡನ್ನಿನ ಪೆಟ್ಟಿಗೆ ಕೊಂಡರು, ಕಥೆ ಬೇಕೆಂದವರು ಡ್ರೆಸ್ಡೆನ್ನಿನ ಪೆಟ್ಟಿಗೆ ಕೊಂಡರು. ಆ ಜಗಳ ಇಂದಿಗೂ ಮುಗಿದಿಲ್ಲ. ಗುಂಡಿಯ ಬಣ್ಣ ತಪ್ಪಿದರೆ ನಿದ್ದೆ ಬಾರದವರು ಒಂದು ಕಡೆ, ಕಪಾಟಿನಲ್ಲಿ ಕಣ್ಣಿಗೆ ಹಬ್ಬವಾದರೆ ಸಾಕೆನ್ನುವವರು ಇನ್ನೊಂದು ಕಡೆ.

ಹಾಗಾದರೆ ನಿಜವಾದ ಹೈದರಾಬಾದ್ ಸವಾರ ಯಾರು? ಕೆದಕುತ್ತ ಹೋದಂತೆ ಆ ಚಿಕ್ಕ ಪೆಟ್ಟಿಗೆಯಿಂದ ಎಂಥ ಚರಿತ್ರೆ ಉಕ್ಕುತ್ತದೆ ನೋಡಿ. ಕಂಟಿಂಜೆಂಟ್ ಎಂದರೆ ನಿಜಾಮನ ಖರ್ಚು, ಬ್ರಿಟಿಷ್ ಅಧಿಕಾರಿಗಳ ಹುಕುಂ. 1853ರ ಒಪ್ಪಂದದಲ್ಲಿ ಈ ಪಡೆಯ ಖರ್ಚಿಗೆಂದೇ ಬೇರಾರ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಪಡೆಯ ಒಂದು ಠಾಣ್ಯ 1860ರವರೆಗೂ ಲಿಂಗಸೂಗೂರಿನಲ್ಲಿತ್ತು, ನಮ್ಮದೇ ನೆಲದಲ್ಲಿ! ಇದರ ಸವಾರರು ಶಿಲ್ಲೇದಾರರು: ಕುದುರೆ ತಮ್ಮದು, ಸಾಮಾನು ತಮ್ಮದು, ಸಂಬಳ ಅದಕ್ಕೆ ತಕ್ಕಂತೆ. ಅಂದಮೇಲೆ ಒಂದೇ ಅಚ್ಚಿನ ಐದು ಕುದುರೆಗಳ ಆ ಪೆಟ್ಟಿಗೆ ಮೊದಲ ನೋಟಕ್ಕೇ ಸುಳ್ಳು ಹೇಳುತ್ತಿದೆ. ಸವಾರನ ಜೀವನೋಪಾಯವೇ ಅವನ ಕುದುರೆಯಾಗಿದ್ದಾಗ ಪ್ರತಿ ಕುದುರೆಗೂ ತನ್ನದೇ ಬಣ್ಣ, ತನ್ನದೇ ಎತ್ತರ ಇರದೆ ಹೇಗೆ?

ಹೈದರಾಬಾದ್ ಸವಾರ ಒಬ್ಬನೇ ಅಲ್ಲ ಎಂಬುದು ಮುಂದಿನ ಬೆರಗು. ಕಂಟಿಂಜೆಂಟಿನವನು ಒಬ್ಬ. ಪಾಯಗಾ ಅಮೀರರ ಸವಾರ ಇನ್ನೊಬ್ಬ. ನಿಜಾಮನಿಗಾಗಿ ಪಡೆ ಸಾಕುವ ಕರಾರಿನ ಮೇಲೆ ಜಹಗೀರು ಉಂಡವರು ಈ ಅಮೀರರು; ಆಳಂದ, ಅಫಜಲಪುರದ ಸೀಮೆ ಅವರ ಕೈಯಲ್ಲಿತ್ತು. ಅಂದರೆ ಅಮರ್ಜಾ ಮತ್ತು ಭೀಮೆಯ ದಂಡೆಯಲ್ಲಿ ಬೆಳೆದ ಜೋಳದ ಕಂದಾಯ ಯಾವುದೋ ಕುದುರೆಯ ಹುರುಳಿಗೂ ಸೇರಿತ್ತು! ಮೂರನೆಯವನು ನಿಜಾಮನ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್. ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರದ ಸವಾರರ ಜೊತೆ ಪ್ಯಾಲೆಸ್ತೀನಿನವರೆಗೂ ಹೋದವನು. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಸಿಪಾಯಿಗಳು ಇವೇ ಮೂರು ಸಂಸ್ಥಾನಗಳವರು. ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೇನೆಯಲ್ಲಿ ಕರಗಿತು. ಅದರ ಒಂದು ಕವಲು ಡೆಕ್ಕನ್ ಹಾರ್ಸ್ ಆಯಿತು. 1916ರ ಜುಲೈ 14ರಂದು ಫ್ರಾನ್ಸಿನ ಹೈ ವುಡ್ ಬಳಿ ಮಶೀನ್‌ಗನ್ನುಗಳ ಕಾಲದಲ್ಲೂ ಭರ್ಚಿ ಹಿಡಿದು ನುಗ್ಗಿತು. 1965ರಲ್ಲಿ ಅಸಲ್ ಉತ್ತರದ ಕಾಳಗದಲ್ಲಿ ಶರ್ಮನ್ ಟ್ಯಾಂಕುಗಳೊಂದಿಗೆ ಸೆಣಸಿತು. ಕುದುರೆಯಿಂದ ಟ್ಯಾಂಕಿನವರೆಗೆ ನೂರು ವರ್ಷ ಮೀರಿದ ಓಟ! ಎಲ್ಲದರ ಮೊದಲ ಹೆಜ್ಜೆ ದಖ್ಖನದ ಮಣ್ಣಿನಲ್ಲಿ.

ಇಷ್ಟು ತಿಳಿದ ಮೇಲೆ ನಿಖರತೆಯ ಪಕ್ಷವೇ ಸರಿ ಅನಿಸುತ್ತದೆ. ಅಷ್ಟರಲ್ಲಿ ನಮ್ಮ ಊರುಗಳಲ್ಲೇ ನಿಂತಿರುವ ಸಿಪಾಯಿಗಳು ಆ ತೀರ್ಪನ್ನು ಅಲ್ಲಾಡಿಸುತ್ತಾರೆ. ಹನುಮಪ್ಪನ ಗುಡಿಯ ಕಟ್ಟೆಗೋ ಅಗಸಿ ಬಾಗಿಲಿಗೋ ಒರಗಿದ ವೀರಗಲ್ಲನ್ನು ಸಂಗ್ರಹಕಾರನ ಕಣ್ಣಿನಿಂದ ಒಮ್ಮೆ ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಕತ್ತಿ, ಗುರಾಣಿ, ಬಿಲ್ಲು, ಕುದುರೆಯ ಲಗಾಮು ಎಲ್ಲವನ್ನೂ ಕಲ್ಲುಕುಟಿಗ ಕಂಡದ್ದನ್ನು ಕಂಡಹಾಗೆ ಕೆತ್ತಿದ್ದಾನೆ. ಅಂದಿನ ಆಯುಧಗಳನ್ನು ಓದಲು ವಿದ್ವಾಂಸರು ಇಂದಿಗೂ ಹೋಗುವುದು ಈ ಕಲ್ಲುಗಳ ಬಳಿಗೇ. ಆದರೆ ಅಳತೆ? ವೀರ ದೊಡ್ಡವನು, ಅವನ ವೈರಿಗಳು ಮೊಣಕಾಲೆತ್ತರ! ಮೈತುಂಬ ಬಾಣ ನೆಟ್ಟರೂ ಮುಖದಲ್ಲಿ ನೋವಿನ ಗೆರೆಯಿಲ್ಲ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಆಯುಧಕ್ಕೆ ಸತ್ಯ, ಗಾತ್ರಕ್ಕೆ ಪ್ರೀತಿ! ಎರಡನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ಆ ಕುಟಿಗನಿಗೆ ಯಾವ ಗೊಂದಲವೂ ಇರಲಿಲ್ಲ.

ಜೇವರ್ಗಿ ದಾಟಿದ ಭೀಮೆ ಮುಂದೆ ಸನ್ನತಿಯನ್ನು ತಲುಪುತ್ತಾಳೆ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಸಿಕ್ಕ ಫಲಕವನ್ನು ನೆನೆಸಿಕೊಳ್ಳಿ. ರಾಜ, ಅವನ ರಾಣಿ, ಛತ್ರ ಚಾಮರ ಹಿಡಿದ ಪರಿಚಾರಿಕೆಯರು, ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರು. ಅಶೋಕನೇ! ಆದರೆ ಕೆತ್ತಿದ್ದು ಅವನು ತೀರಿದ ಎಷ್ಟೋ ತಲೆಮಾರುಗಳ ಮೇಲೆ, ಶಾತವಾಹನರ ಕಾಲದಲ್ಲಿ. ಶಿಲ್ಪಿ ಅಶೋಕನ ಮುಖ ಕಂಡವನಲ್ಲ. ತನ್ನ ಕಾಲದ ರಾಜನಿಗೆ ತೊಡಿಸುವುದನ್ನೇ ಅವನಿಗೂ ತೊಡಿಸಿದ. ಕಟ್ಟುನಿಟ್ಟಿನ ಸಂಗ್ರಹಕಾರ ಇದನ್ನು ‘ತಪ್ಪು ವೇಷ’ ಎಂದು ಪಕ್ಕಕ್ಕೆ ಸರಿಸಿಯಾನೆ? ಆ ವೇಷ ಮೌರ್ಯರ ಕಾಲಕ್ಕೆ ತಪ್ಪಿರಬಹುದು, ಶಾತವಾಹನರ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿದೆ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿಗೆ ಸಾಗಿದ ಟಿಪ್ಪುವಿನ ಹುಲಿಯದೂ ಇದೇ ಕಥೆ. ಮರದ ಹುಲಿ, ಅದರ ಅಡಿಯಲ್ಲಿ ಕೆಂಪಂಗಿಯ ಬಿಳಿಯ, ಒಳಗೆ ಗರ್ಜಿಸುವ ವಾದ್ಯ. ಬಿದ್ದವನು ಸಿಪಾಯಿಯೋ ಸಾಮಾನ್ಯ ಪ್ರಜೆಯೋ ಎಂದು ಬಟ್ಟೆ ನೋಡಿ ವಾದ ಮಾಡುವವರಿದ್ದಾರೆ. ಟಿಪ್ಪುವಿಗೆ ಬೇಕಿದ್ದದ್ದು ಆ ಗರ್ಜನೆ!

ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಯ ಹೊತ್ತಿಗೆ ಸುತ್ತಿ ಬನ್ನಿ, ಈ ಜಗಳ ಜೀವಂತ ಕಾಣುತ್ತದೆ. ಮಕ್ಕಳು ಕಲ್ಲು ಮಣ್ಣು ಗೋಣಿಚೀಲ ಒಟ್ಟಿ ಕೋಟೆ ಕಟ್ಟುತ್ತಾರೆ, ಬೀಜ ಚೆಲ್ಲಿ ಹಸಿರು ಬೆಳೆಸುತ್ತಾರೆ, ಸಿಂಹಾಸನದಲ್ಲಿ ಶಿವಾಜಿಯನ್ನು ಕೂಡಿಸಿ ಬುರುಜಿಗೊಬ್ಬ ಮಾವಳೆ ಸಿಪಾಯಿಯನ್ನು ನಿಲ್ಲಿಸುತ್ತಾರೆ. ದೊಡ್ಡ ಹುಡುಗರು ನಕಾಶೆ ಹಿಡಿದು ಬುರುಜು ಎಣಿಸುತ್ತಾರೆ. ಚಿಕ್ಕವರು ಎಲ್ಲರೂ ಅತ್ತ ತಿರುಗಿದಾಗ ಬಾಗಿಲಲ್ಲಿ ಬಂದೂಕಿನ ಪ್ಲಾಸ್ಟಿಕ್ ಕಮಾಂಡೊನನ್ನು ನಿಲ್ಲಿಸಿಬಿಡುತ್ತಾರೆ! 1659ರ ಪ್ರತಾಪಗಡಕ್ಕೆ ಇಪ್ಪತ್ತನೇ ಶತಮಾನದ ಕಾವಲು. ನಗು ಬರುತ್ತದೆ, ಆದರೆ ತನಗೆ ಪ್ರಿಯನಾದ ಸಿಪಾಯಿಯನ್ನೇ ತನ್ನ ರಾಜನ ಕಾವಲಿಗೆ ಕಳಿಸಿದ ಆ ಮಗು ಶಾತವಾಹನ ಶಿಲ್ಪಿಯ ಕುಲದ್ದೇ ಅಲ್ಲವೆ?

ಈಗ ಎಲ್ಲಕ್ಕಿಂತ ದೊಡ್ಡ ಸೋಜಿಗ. ಅದು ಪೆಟ್ಟಿಗೆಯ ಒಳಗೆ ಸಿಗುವುದಿಲ್ಲ. 1858ರ ಫೆಬ್ರವರಿಯಲ್ಲಿ ಕಂಟಿಂಜೆಂಟಿನ ಪಡೆ ಜೇವರ್ಗಿಗೆ ನೆರೆಯ ಸುರಪುರದತ್ತ ನಡೆಯಿತು, ರಾಜಾ ವೆಂಕಟಪ್ಪ ನಾಯಕನ ವಿರುದ್ಧ. ಬೇಡ ಸಿಪಾಯಿಗಳು ಎದುರು ನಿಂತರು. ಆ ಕಾಳಗದ ಒಂದು ಪಕ್ಷದ ಹೆಸರು ಲಂಡನ್ನಿನ ಪೆಟ್ಟಿಗೆಯ ಮೇಲೆ ಅಚ್ಚಾಯಿತು. ಇನ್ನೊಂದು ಪಕ್ಷ? ಬೇಡರ ಪಡೆಗೆ ಅಂಥದೊಂದು ಪೆಟ್ಟಿಗೆ ದಕ್ಕಲಿಲ್ಲ. ಗುಂಡಿಯ ಬಣ್ಣ, ಭರ್ಚಿಯ ಉದ್ದ, ಮುಂಡಾಸಿನ ಸುತ್ತು ಎಲ್ಲವನ್ನೂ ತಿದ್ದಿ ತಿದ್ದಿ ಸರಿಮಾಡಿದರೂ ಅರ್ಧ ರಣರಂಗ ಖಾಲಿಯೇ! ಯಾರಿಗೆ ಅಚ್ಚು ಕೊರೆಯಬೇಕು, ಯಾರಿಗೆ ಬೇಡ ಎಂಬ ಮೊದಲ ತೀರ್ಮಾನವನ್ನು ಮಾಡಿದ್ದು ಸಮವಸ್ತ್ರದ ಕೈಪಿಡಿಯಲ್ಲ. ಮಾಡಿದ್ದು ಕೊಳ್ಳುವವರ ಅಭಿರುಚಿ, ಸಾಮ್ರಾಜ್ಯದ ಅಭಿರುಚಿ. ನಿಖರತೆ ಆಮೇಲೆ ಬಂದು ಬಣ್ಣ ಬಳಿಯಿತು. ಅಭಿರುಚಿ ಯಾವಾಗಲೂ ಚರಿತ್ರೆಗಿಂತ ಮುಂಚೆಯೇ ಅಂಗಡಿಯಲ್ಲಿ ಕೂತಿರುತ್ತದೆ!

ಇದನ್ನು ಕಂಡುಕೊಂಡರೆ ಸಂಗ್ರಹಕಾರನಿಗೆ ಎಂಥ ಬಿಡುಗಡೆ! ಹಳೆಯ ಸಿಪಾಯಿಗೆ ಹೊಸ ಬಣ್ಣ ಬಳಿಯಬಾರದೆಂಬುದು ಈ ಲೋಕದ ಹಿರಿಯರ ನಿಯಮ; ಬಳಿದರೆ ಬೆಲೆಯೂ ಬೀಳುತ್ತದೆ. ಅದರ ಹಿಂದಿನ ವಿವೇಕ ಈಗ ಹೊಳೆಯುತ್ತದೆ. ಆ ಒಂದೇ ಅಚ್ಚಿನ ಐದು ಕುದುರೆಗಳು ಹೈದರಾಬಾದಿನ ಬಗ್ಗೆ ತಪ್ಪು ಹೇಳಿದರೂ ಲಂಡನ್ನಿನ ಬಗ್ಗೆ ನಿಜ ಹೇಳುತ್ತಿವೆ: ದೂರದಿಂದ ನೋಡಿದವರಿಗೆ ನಾವೆಲ್ಲ ಒಂದೇ ಮುಖದವರಾಗಿ ಕಂಡೆವು. ತಿದ್ದಿದರೆ ಆ ಸಾಕ್ಷಿ ಅಳಿದುಹೋಗುತ್ತದೆ. ಹಳೆಯದನ್ನು ಇದ್ದ ಹಾಗೇ ಇಟ್ಟು, ಬಿಟ್ಟುಹೋದವರನ್ನು ಹೊಸದಾಗಿ ಮಾಡಬೇಕು.

ಮಾಡುವ ಮಣ್ಣು ನಮ್ಮಲ್ಲೇ ಇದೆ. ಮಣ್ಣೆತ್ತಿನ ಅಮಾಸಿಗೆ ಎರೆಮಣ್ಣು ಕಲಸಿ ಎತ್ತಿನ ಜೋಡಿ ಮಾಡಿ ಪೂಜಿಸುವ ಮನೆಗಳು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಇವೆ. ಗುಳ್ಳವ್ವ, ಜೋಕುಮಾರ ಎಂದು ಮಳೆಗಾಲವಿಡೀ ಮಣ್ಣು ಮೂರ್ತಿಯಾಗುತ್ತಲೇ ಇರುತ್ತದೆ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟು, ಮರದ ಹೊಟ್ಟು ಮೆತ್ತಿ ಗೊಂಬೆಗೆ ಮೈ ತುಂಬುತ್ತಾರೆ. ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆ ಸಂಸ್ಥಾನದ ದಿನಗಳನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದು 1877ರಲ್ಲಿ ಪ್ರಕಟವಾಯಿತು. ಆಕರವೂ ಇದೆ, ಕೈಯೂ ಇದೆ. ಈ ಸಲ ಎತ್ತುಗಳು ಮುಗಿದ ಮೇಲೆ ಉಳಿದ ಮಣ್ಣಿನಲ್ಲಿ ಒಬ್ಬ ಬೇಡ ಸಿಪಾಯಿಯನ್ನು ಮಾಡಿ ನಿಲ್ಲಿಸಿ. ಅವನಿಗೆದುರಾಗಿ ಒಬ್ಬ ಕಂಟಿಂಜೆಂಟ್ ಸವಾರ ಬರಲಿ, ತನ್ನದೇ ಬಣ್ಣದ ಸ್ವಂತ ಕುದುರೆಯ ಮೇಲೆ. ಪೀಠದ ಅಡಿಗೆ ಎರಡು ಸಾಲು ಗೀಚಿ: ಪುಸ್ತಕದಿಂದ ತಿಳಿದದ್ದು ಯಾವುದು, ನಿಮ್ಮ ಮನಸ್ಸಿಗೆ ತೋಚಿದ್ದು ಯಾವುದು. ಎರಡೂ ಒಂದೇ ಪೀಠದ ಮೇಲೆ ಜಗಳವಿಲ್ಲದೆ ನಿಲ್ಲುತ್ತವೆ, ನೋಡುತ್ತಿರಿ!