ರಕ್ತಬಿಂದುವಿನ ಸಾಕ್ಷ್ಯ

ಅಪರಾಧ ನಡೆದ ಸ್ಥಳದಲ್ಲಿ ದೊರೆತ ರಕ್ತದ ಕಲೆ ಯಾರದೆಂದು ನಿರ್ಧರಿಸುವುದು ಹೇಗೆ? ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ದೀರ್ಘ ತಂತುವಿನ ಕೆಲವು ಸ್ಥಾನಗಳಲ್ಲಿ ಒಂದು ಚಿಕ್ಕ ರಚನೆಯು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲವೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ. ಇಂತಹ ಭೇದಗಳಿಂದ ಮನುಷ್ಯನನ್ನು ಗುರುತಿಸಬಹುದೆಂದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಅವರು 1984ರಲ್ಲಿ ಕಂಡುಕೊಂಡರು. ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡಿದ್ದ ತರುಣನೊಬ್ಬನು ನಿರ್ದೋಷಿಯೆಂದು 1986ರಲ್ಲಿ ಈ ಪರೀಕ್ಷೆಯೇ ತೋರಿಸಿಕೊಟ್ಟಿತು.

ಗುರುತುಗಳು ಹೊಂದದಿದ್ದಲ್ಲಿ ನಿರ್ಣಯ ಸುಲಭ. ಹೊಂದಿದಾಗ ಗಣಿತದ ನೆರವು ಬೇಕು. ಒಂದು ಗುರುತು ಹತ್ತು ಜನರಲ್ಲಿ ಒಬ್ಬನಿಗೆ ಇರುವುದೆಂದು ಭಾವಿಸೋಣ. ಪರಸ್ಪರ ಸಂಬಂಧವಿಲ್ಲದ ಅಂತಹ ಆರು ಗುರುತುಗಳು ಒಟ್ಟಿಗೆ ಕೂಡಿಬರುವುದು ಹತ್ತು ಲಕ್ಷದಲ್ಲಿ ಒಬ್ಬನಿಗೆ. ಆದರೆ ನಾವು ಎಣಿಸಿದ್ದು ಯಾವ ಜನರನ್ನು? ತಮ್ಮೊಳಗೇ ವಿವಾಹವಾಗುವ ಸಮುದಾಯದಲ್ಲಿ, ಬೇರೆಡೆ ಅಪೂರ್ವವಾದ ಗುರುತು ಸರ್ವಸಾಮಾನ್ಯವಾಗಿರಬಹುದು. ಅಮೆರಿಕದ ಲೆವೊಂಟಿನ್ ಮತ್ತು ಹಾರ್ಟ್ಲ್ ಎಂಬ ವಿಜ್ಞಾನಿಗಳು 1991ರಲ್ಲಿ ಈ ಆಕ್ಷೇಪವನ್ನೆತ್ತಿದರು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಲಿಯು 1996ರ ವರದಿಯಲ್ಲಿ ಲೆಕ್ಕಕ್ಕೆ ತಕ್ಕ ತಿದ್ದುಪಡಿಯನ್ನು ಸೂಚಿಸಿತು. ಸ್ವಜಾತಿವಿವಾಹ ರೂಢಿಯಲ್ಲಿರುವ ನಮ್ಮ ದೇಶದಲ್ಲಂತೂ ಈ ಎಚ್ಚರ ಅತ್ಯವಶ್ಯ. ಗುಣಾಕಾರದ ದೋಷದಿಂದ ನಿರಪರಾಧಿಯೊಬ್ಬನು ದಂಡನೆಗೆ ಗುರಿಯಾಗಬಾರದಷ್ಟೆ.