ಹೊಸ ಆವೃತ್ತಿ ಬಂತು, ಹಳೆಯ ಆಡ್-ಆನ್ ನಿಂತಿತು

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಮನೆಯ ಟಿ.ವಿ.ಗೆ ಜೋಡಿಸಿದ ಪುಟ್ಟ ಪೆಟ್ಟಿಗೆ ನಿನ್ನೆ ರಾತ್ರಿಯವರೆಗೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಹಾಕಿ ನೋಡಿದರೆ ದಿನವೂ ಕೇಳುತ್ತಿದ್ದ ರೇಡಿಯೊ ಕೇಂದ್ರಗಳ ಪಟ್ಟಿಯೇ ಮಾಯ! ಈ ಆಡ್-ಆನ್ ಹೊಸ ಆವೃತ್ತಿಗೆ ಹೊಂದುವುದಿಲ್ಲ ಎಂಬ ಸೂಚನೆ ಪರದೆಯ ಮೇಲಿದೆ. ‘ಏನು ಮಾಡಿದೆಯೋ?’ ಎಂದು ಅಪ್ಪ ಗದರುತ್ತಾರೆ. ‘ನಾನು ಮುಟ್ಟಿಯೇ ಇಲ್ಲಪ್ಪ’ ಎನ್ನುತ್ತಾನೆ ಮಗ. ಮಗನ ಮಾತು ನಿಜವೇ ಇರಬಹುದು. ರಾತ್ರಿ ತಂತ್ರಾಂಶ ತಾನಾಗಿಯೇ ನವೀಕರಣಗೊಂಡಿದ್ದರೆ ಹೀಗಾಗುವುದುಂಟು.

ಇದಕ್ಕೆ ಒಳ್ಳೆಯ ಉದಾಹರಣೆ ‘ಕೋಡಿ’. ಹಾಡು, ಚಲನಚಿತ್ರ, ಛಾಯಾಚಿತ್ರಗಳನ್ನೆಲ್ಲ ಒಂದೆಡೆ ಅಣಿಗೊಳಿಸಿ ಟಿ.ವಿ.ಯಲ್ಲಿ ತೋರಿಸುವ ಉಚಿತ ತಂತ್ರಾಂಶ ಇದು. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ಇದಕ್ಕೆ ಹಿಂದೆ ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’ ಎಂಬ ಹೆಸರಿತ್ತು. 2014ರಲ್ಲಿ ‘ಕೋಡಿ’ ಎಂದಾಯಿತು. ಕೋಡಿಯೊಳಗೆ ಯಾವ ಸಿನಿಮಾವೂ ಇರುವುದಿಲ್ಲ. ರೇಡಿಯೊ, ಹವಾಮಾನ ವರದಿ, ವಿಡಿಯೊ ಮುಂತಾದವನ್ನು ತಂದುಕೊಡುವುದು ಬೇರೆಯವರು ಬರೆದ ‘ಆಡ್-ಆನ್’ ಎಂಬ ಕಿರು ತಂತ್ರಾಂಶಗಳು.

ಶಾಲೆಯ ಪಠ್ಯಪುಸ್ತಕ ಮತ್ತು ಅಂಗಡಿಯಲ್ಲಿ ಸಿಗುವ ಗೈಡಿಗೆ ಇದನ್ನು ಹೋಲಿಸಬಹುದು. ಪುಸ್ತಕ ಬರೆಯುವವರು ಬೇರೆ, ಗೈಡ್ ಬರೆಯುವವರು ಬೇರೆ. ಪಾಠಗಳು ಬದಲಾದರೆ ಗೈಡನ್ನೂ ಹೊಸದಾಗಿ ಬರೆಯಬೇಕು. ಬರೆಯುವವರಿಲ್ಲದಿದ್ದರೆ ಹಳೆಯ ಗೈಡ್ ರದ್ದಿಗೆ ಹೋಗುತ್ತದೆ.

ಬದಲಾದದ್ದು ಏನು?

ಕೋಡಿಯ ಆಡ್-ಆನ್‌ಗಳಲ್ಲಿ ಬಹುಪಾಲು ‘ಪೈಥಾನ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿವೆ. ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ ರೂಪಿಸಿದ ಈ ಭಾಷೆ ಹೊರಬಂದದ್ದು 1991ರಲ್ಲಿ. ಕಾಲಕ್ರಮದಲ್ಲಿ ಅದರ ಕೆಲವು ಮೂಲ ದೋಷಗಳು ಕಾಣಿಸಿಕೊಂಡವು. ಅವನ್ನು ತಿದ್ದಿ 2008ರಲ್ಲಿ ಪೈಥಾನ್ 3 ಬಂದಿತು. ಆದರೆ ಹಳೆಯ ವ್ಯಾಕರಣದಲ್ಲಿ ಬರೆದದ್ದನ್ನೆಲ್ಲ ಅದು ಒಪ್ಪುವುದಿಲ್ಲ.

ಎರಡು ಉದಾಹರಣೆ ನೋಡೋಣ. ಪೈಥಾನ್ 2ರಲ್ಲಿ 5ನ್ನು 2ರಿಂದ ಭಾಗಿಸಿದರೆ ಉತ್ತರ 2. ಪೈಥಾನ್ 3ರಲ್ಲಿ 2.5. ಎರಡನೆಯದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂಬ ಪದ ಐದು ಸಂಕೇತಗಳಿಂದ ಆಗುತ್ತದೆ: ಕ, ನ, ಒತ್ತಕ್ಷರ ಮೂಡಿಸುವ ಚಿಹ್ನೆ, ಮತ್ತೆ ನ, ಕೊನೆಗೆ ಡ. ಯುಟಿಎಫ್-8 ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಪದದ ಉದ್ದವೆಷ್ಟು ಎಂದು ಕೇಳಿದರೆ ಪೈಥಾನ್ 2 ಸಾಮಾನ್ಯವಾಗಿ ಬೈಟ್‌ಗಳನ್ನು ಎಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕಾದ್ದರಿಂದ ಇಂಗ್ಲಿಷ್ ಮಾತ್ರ ಬಳಸುವವರಿಗೆ ಈ ತೊಡಕು ಕಾಣುತ್ತಿರಲಿಲ್ಲ. ಪೆಟ್ಟು ಬೀಳುತ್ತಿದ್ದುದು ಕನ್ನಡದಂತಹ ಭಾಷೆಗಳಿಗೆ. ಹೀಗಾಗಿ, ಹಲವರಿಗೆ ತೊಂದರೆ ಕೊಟ್ಟ ಈ ಬದಲಾವಣೆಯಿಂದ ನಮಗೆ ಲಾಭವೂ ಆಯಿತು.

ಎಚ್ಚರಿಕೆ ಇತ್ತು

ಪೈಥಾನ್ 2ಕ್ಕೆ ನೀಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಬೆಂಬಲವಿಲ್ಲದ ಭಾಷೆಯಲ್ಲಿ ಭದ್ರತೆಯ ಬಿರುಕು ಕಂಡರೆ ಮುಚ್ಚುವವರಿಲ್ಲ. ಆದ್ದರಿಂದ ಕೋಡಿ ಬಳಗ 2018ರಲ್ಲೇ ಆಡ್-ಆನ್ ಬರೆಯುವವರಿಗೆ ಸಿದ್ಧರಾಗುವಂತೆ ತಿಳಿಸಿತು. 2021ರ ಫೆಬ್ರವರಿಯಲ್ಲಿ ‘ಮ್ಯಾಟ್ರಿಕ್ಸ್’ ಹೆಸರಿನ 19ನೇ ಆವೃತ್ತಿ ಪೈಥಾನ್ 3ರೊಂದಿಗೆ ಹೊರಬಂದಿತು.

ತಿದ್ದಿ ಸಿದ್ಧವಾಗಿದ್ದ ಆಡ್-ಆನ್‌ಗಳು ಮುಂದುವರಿದವು. ಉಳಿದವು ಕೆಲಸ ನಿಲ್ಲಿಸಿದವು. ಆಡ್-ಆನ್ ಬರೆದವರಲ್ಲಿ ಬಹುಮಂದಿ ಸಂಬಳವಿಲ್ಲದ ಹವ್ಯಾಸಿಗಳು. ಬರೆದವರು ಬೇರೆ ಕೆಲಸ ಹಿಡಿದು ಅತ್ತ ತಿರುಗಿ ನೋಡದಿದ್ದರೆ ಅವರ ಕೃತಿ ಅನಾಥ. ಎಚ್ಚರಿಕೆ ಬರೆಯುವವರಿಗೆ ತಲುಪಿದರೂ ಬಳಸುವವರಿಗೆ ತಲುಪುವುದು ಕಷ್ಟ. ಪೇಚು ಇರುವುದು ಇಲ್ಲಿಯೇ.

ಮನೆಯಲ್ಲಿ ಏನು ಮಾಡಬೇಕು? ದೊಡ್ಡ ಆವೃತ್ತಿ ಬದಲಾಗುವಾಗ ಅವಸರ ಬೇಡ. ಸ್ವಯಂ ನವೀಕರಣವನ್ನು ತಡೆಹಿಡಿದು, ನಿತ್ಯ ಬಳಸುವ ಆಡ್-ಆನ್‌ಗಳು ಹೊಸ ಆವೃತ್ತಿಗೆ ಸಿದ್ಧವಿವೆಯೇ ನೋಡಿಕೊಳ್ಳಿ. ಕೋಡಿಯ ಮಾಹಿತಿಯ ಪ್ರತಿಯೊಂದನ್ನು ಬೇರೆಡೆ ಇಟ್ಟು ಮುಂದುವರಿಯಿರಿ. ಹಾಗೆಂದು ನವೀಕರಣವನ್ನು ವರ್ಷಗಟ್ಟಲೆ ಮುಂದೂಡುವುದೂ ಸಲ್ಲದು. ಆಡ್-ಆನ್‌ಗಳನ್ನು ಕೋಡಿಯ ಅಧಿಕೃತ ಸಂಗ್ರಹದಿಂದಲೇ ಪಡೆಯುವುದು ಕ್ಷೇಮ. ಕದ್ದ ಸಿನಿಮಾ ತೋರಿಸುವ ಆಡ್-ಆನ್‌ಗಳ ಸಹವಾಸ ಬೇಡವೇ ಬೇಡ.

ವಿದ್ಯಾರ್ಥಿಗಳೇ, ನಿಮಗೆ ಪೈಥಾನ್ ಕಲಿಯುವ ಆಸಕ್ತಿಯಿದ್ದರೆ ಇಲ್ಲೊಂದು ಅವಕಾಶವಿದೆ. ಮುಕ್ತ ಪರವಾನಗಿಯ ಆಡ್-ಆನ್‌ಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಮೂಲ ಲೇಖಕರು ಕೈಬಿಟ್ಟ ಕೆಲವನ್ನು ಬೇರೆಯವರು ತಿದ್ದಿ ಉಳಿಸಿಕೊಂಡಿದ್ದಾರೆ. ನಿಂತ ಯಂತ್ರದ ಮುಂದೆ ‘ಯಾರು ಕೆಡಿಸಿದರು?’ ಎಂದು ಕೇಳುವುದು ಸುಲಭ. ‘ಯಾಕೆ ನಿಂತಿತು?’ ಎಂದು ಕೇಳಿದವರೇ ಅದನ್ನು ಮತ್ತೆ ನಡೆಸಬಲ್ಲರು.